ಬೆಕ್ಕಿನ ಗುರುಗುರು ಕೇಳಿ ಮೋಸಹೋಗದಿರಲು

ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವನು ನಾನು. ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಅದರ ಸದ್ದು ಕೇಳಿದರೆ ಸಾಕು, ನೆಟ್ಟಗಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದೆ. ಆ ಗುಂಯ್ ಎನ್ನುವ ಸದ್ದು ಸೆಕೆಂಡಿಗೆ 100 ಕಂಪನಗಳದ್ದು, ನಮ್ಮ ಕರೆಂಟಿನ 50ರ ಎರಡರಷ್ಟು. ಅದು ಒಡಕಾಗಿ ಕೇಳಿದರೆ ಒಳಗೇನೋ ಸಡಿಲವಾಗಿದೆ ಎಂದು ಲೆಕ್ಕ. ನಿವೃತ್ತನಾದ ಮೇಲೆ ಇದೇ ಜಾಣತನವನ್ನು ಮನೆಯ ಬೆಕ್ಕಿನ ಮೇಲೆ ತೋರಿಸಲು ಹೋಗಿ ಅದರ ಜೀವಕ್ಕೇ ಕುತ್ತು ತಂದಿದ್ದೆ.

ಕಿಟ್ಟನಿಗೆ ಆಗ ಎರಡೂವರೆ ವರ್ಷ. ಆಷಾಢದ ಜಡಿಮಳೆ, ಹೊರಗೆ ಹೋಗುವಂತಿಲ್ಲ. ಹಗಲೆಲ್ಲ ಮರಳಿನ ಟ್ರೇಗೆ ಹೋಗುವುದು, ಕೂರುವುದು, ಏನೂ ಮಾಡದೆ ಬರುವುದು. "ಇವನಿಗೆ ಏನೋ ಆಗಿದೆ ನೋಡಿ" ಎಂದಳು ಹೆಂಡತಿ. ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ಗುರುಗುರು ಶುರುವಾಯಿತು. "ಮೋಟಾರು ಇಷ್ಟು ಚೆನ್ನಾಗಿ ಓಡುತ್ತಿದೆಯಲ್ಲ, ಇನ್ನೇನು" ಎಂದೆ. ಮರುದಿನ ಬೆಳಿಗ್ಗೆ ಅವನ ಹೊಟ್ಟೆ ಕಲ್ಲಿನಂತಾಗಿತ್ತು. ಮೂತ್ರನಾಳ ಕಟ್ಟಿಕೊಂಡಿತ್ತು. ಪಶುವೈದ್ಯರು ನಳಿಕೆ ಹಾಕಿ ಮೂತ್ರ ತೆಗೆದು ಬದುಕಿಸಿದರು. ಅವರ ಮೇಜಿನ ಮೇಲೆ ಬಿದ್ದುಕೊಂಡಿದ್ದಾಗಲೂ ಅವನು ಗುರುಗುಟ್ಟುತ್ತಲೇ ಇದ್ದ.

ಹಾಗಾದರೆ ಈ ಸದ್ದಿಗೆ ಅರ್ಥವೇನು? ಹುಟ್ಟಿ ಕೆಲವೇ ದಿನದ ಮರಿ, ಕಣ್ಣು ತೆರೆಯುವ ಮೊದಲೇ, ಹಾಲು ಕುಡಿಯುತ್ತ ಗುರುಗುಟ್ಟುತ್ತದೆ. ತಾಯಿಯೂ ಗುರುಗುಟ್ಟುತ್ತದೆ. ಕಿವಿ ಕೇಳದ ಮರಿಗೂ ಆ ಕಂಪನ ಮೈಗೆ ತಾಗುತ್ತದೆ. ಬೆಳೆದ ಮೇಲೆ ಸುಖದಲ್ಲೂ ಅದೇ ಸದ್ದು, ಹೆರಿಗೆಯ ನೋವಿನಲ್ಲೂ ಅದೇ, ಸಾಯುವ ಹೊತ್ತಿನಲ್ಲೂ ಎಷ್ಟೋ ಸಲ ಅದೇ. ಮನುಷ್ಯರು ಸಂತೋಷಕ್ಕೂ ನಗುತ್ತಾರೆ, ಅಂಜಿಕೆ ಮುಚ್ಚಿಕೊಳ್ಳಲೂ ನಗುತ್ತಾರಲ್ಲ, ಹಾಗೆಂದುಕೊಳ್ಳಿ.

ಸದ್ದು ಹುಟ್ಟುವುದು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ, ಸೆಕೆಂಡಿಗೆ ಸುಮಾರು 25ರಿಂದ 30 ಕಂಪನ. ನಮ್ಮ ಕರೆಂಟಿನ ಅರ್ಧದಷ್ಟು! ಇಷ್ಟು ಸಣ್ಣ ಪ್ರಾಣಿಗೆ ಇಷ್ಟು ತಗ್ಗಿನ ಸದ್ದು ಹೇಗೆ ಸಾಧ್ಯ? ಮಿದುಳು ಒಂದೇ ಸಮನೆ ಸಂಕೇತ ಕಳಿಸಿ ಗಂಟಲಿನ ಸ್ನಾಯುಗಳನ್ನು ಬಿಗಿದು ಸಡಿಲಿಸುತ್ತದೆ ಎಂದು ಬಹುಕಾಲ ನಂಬಿದ್ದರು. 2023ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದವರು ವಾಸಿಯಾಗದ ಕಾಯಿಲೆಯಿಂದಾಗಿ ದಯಾಮರಣ ಕೊಟ್ಟಿದ್ದ ಎಂಟು ಸಾಕುಬೆಕ್ಕುಗಳ ಧ್ವನಿಪೆಟ್ಟಿಗೆ ತೆಗೆದು, ಅದರೊಳಗೆ ಗಾಳಿ ಹಾಯಿಸಿದರು. ಮಿದುಳಿನ ಸಂಪರ್ಕವೇ ಇಲ್ಲದೆ ಎಂಟರಲ್ಲೂ ಅದೇ ತಗ್ಗಿನ ಸದ್ದು ಬಂತು. ಧ್ವನಿತಂತುಗಳಲ್ಲಿ ಮೆತ್ತೆಯಂಥ ಭಾಗವಿದೆ, ಅದರ ಭಾರಕ್ಕೆ ಕಂಪನ ನಿಧಾನವಾಗುತ್ತದೆ ಎಂಬುದು ಅವರ ವಿವರಣೆ. ಜೀವಂತ ಬೆಕ್ಕಿನಲ್ಲಿ ಸ್ನಾಯುಗಳ ಪಾಲೂ ಇರಬಹುದು.

ನಿಮ್ಮ ಬೆಕ್ಕಿನ ಗಂಟಲಿಗೆ ಬೆರಳು ಇಟ್ಟು ನೋಡಿ. ಉಸಿರು ಒಳಗೆ ಎಳೆಯುವಾಗಲೂ ಬಿಡುವಾಗಲೂ ನಡುಕ ತಾಗಿದರೆ ಅದು ಗುರುಗುರು. "ಬೆಕ್ಕಿಗೆ ದಮ್ಮು ಇರುತ್ತದೆ, ಮಕ್ಕಳ ಹತ್ತಿರ ಬಿಡಬೇಡ" ಎನ್ನುತ್ತಿದ್ದಳು ನನ್ನ ಅಮ್ಮ. ಈ ಸದ್ದು ದಮ್ಮಲ್ಲ. ಆದರೆ ಬೆಕ್ಕಿಗೂ ನಿಜವಾದ ಗೂರಲು ಬರುವುದುಂಟು. ಆಗ ಅದು ಮೈ ತಗ್ಗಿಸಿ, ಕತ್ತು ಮುಂದಕ್ಕೆ ಚಾಚಿ ಕೆಮ್ಮುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರಂತೂ ಯೋಚಿಸುತ್ತ ಕೂರಬೇಡಿ, ವೈದ್ಯರ ಬಳಿ ಓಡಿ.

ಸದ್ದು ಬಿಟ್ಟು ಮುಖ ನೋಡಿ. 2019ರಲ್ಲಿ ಮಾಂಟ್ರಿಯಲ್‌ನ ಪಶುವೈದ್ಯರು ಮುಖ ನೋಡಿ ನೋವು ಅಳೆಯಲು ಒಂದು ಅಳತೆಗೋಲು ಮಾಡಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಮಟ್ಟ ಎಂಬ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಹತ್ತಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿಗೆ ಔಷಧಿ ಬೇಕಾದೀತು. ಕಿವಿ ಪಕ್ಕಕ್ಕೆ ತಿರುಗಿ ಚಪ್ಪಟೆಯಾಗುವುದು, ಕಣ್ಣು ಬಿಗಿಯುವುದು, ದುಂಡು ಮೂತಿ ಬಿಗಿದು ಚಪ್ಪಟೆಯಾಗುವುದು, ಮೀಸೆ ನೆಟ್ಟಗಾಗುವುದು, ತಲೆ ಭುಜಕ್ಕಿಂತ ಕೆಳಗಿಳಿಯುವುದು, ಇವು ನೋವಿನ ಗುರುತು. ಕಣ್ಣೊಂದನ್ನೇ ನಂಬಬೇಡಿ, ಸುಖವಾಗಿರುವ ಬೆಕ್ಕೂ ಕಣ್ಣು ಅರೆಮುಚ್ಚುತ್ತದೆ. ಅಂದು ಕಿಟ್ಟನ ಕಿವಿ ಎರಡೂ ಪಕ್ಕಕ್ಕೆ ಬಿದ್ದಿದ್ದವು. ನಾನು ನೋಡಿರಲಿಲ್ಲ, ಕೇಳುತ್ತಿದ್ದೆ.

ಉಸಿರು ಎಣಿಸುವುದನ್ನು ಗಾಢ ನಿದ್ದೆಯಲ್ಲಿರುವಾಗ ಮಾಡಿ, ಗುರುಗುಟ್ಟುವಾಗ ಲೆಕ್ಕ ತಪ್ಪುತ್ತದೆ. ಪಕ್ಕೆ ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಮೂವತ್ತರೊಳಗಿದ್ದರೆ ಸರಿ. ಮತ್ತೆ ಮತ್ತೆ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿ. ನಾನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುತ್ತೇನೆ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಮೂತ್ರ ಬಾರದೆ ಎದ್ದರೆ ಅದೇ ದಿನ, ಅದೇ ಗಂಟೆ ಹೊರಡಿ. ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.

ಗುರುಗುರುವಿನಿಂದ ಬೆಕ್ಕಿನ ಮುರಿದ ಮೂಳೆ ತಾನೇ ಕೂಡುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಇದು ಪೂರಾ ಗಾಳಿಮಾತಲ್ಲ. ಹತ್ತಿರ ಹತ್ತಿರ ಇದೇ ಮಟ್ಟದ ಕಂಪನ ಮೂಳೆ ಬೆಳೆಯಲು ನೆರವಾಗುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಎರಡೂ ಹೊಂದುತ್ತವೆ ಎಂದು ಊಹಿಸಿದರು, ಅಷ್ಟೇ. ಬೆಕ್ಕಿನ ಸ್ವಂತ ಸದ್ದು ಅದರ ಮೂಳೆ ಕೂಡಿಸಿದ್ದನ್ನು ಯಾರೂ ಸಾಬೀತು ಮಾಡಿಲ್ಲ. ಕಾಲು ಮುರಿದ ಬೆಕ್ಕನ್ನು ಅದರ ಪಾಡಿಗೆ ಗುರುಗುಟ್ಟಲು ಬಿಡುವವರಿಗೆ ನನ್ನ ಕತೆ ಹೇಳಿ.

ವೈದ್ಯರ ಬಳಿ ಒಂದು ಫಜೀತಿ ಉಂಟು. ಗುರುಗುಟ್ಟುವ ಬೆಕ್ಕಿನ ಎದೆಬಡಿತ ಸ್ಟೆತಾಸ್ಕೋಪಿಗೆ ಕೇಳಿಸುವುದಿಲ್ಲ. ಕಳೆದ ಸಲ ಕಿಟ್ಟನನ್ನು ಲಸಿಕೆಗೆ ಒಯ್ದಾಗ ನಮ್ಮ ವೈದ್ಯರು ಅವನನ್ನು ಸಿಂಕಿನ ಪಕ್ಕಕ್ಕೆ ತಂದು ನಲ್ಲಿ ತಿರುಗಿಸಿದರು. ನೀರಿನ ಸದ್ದಿಗೆ ಕಿವಿ ಎರಡೂ ಮುಂದಕ್ಕೆ ಬಂದವು, ಮೋಟಾರು ನಿಂತಿತು.