ಏನೂ ಇಲ್ಲದ ನೀರಲ್ಲಿ ಎಷ್ಟು ಕಣ? ಮೈಕ್ರೋಪ್ಲಾಸ್ಟಿಕ್ ಎಣಿಸುವ ನನ್ನ ಅನುಭವ

ನಾನು ಓದಿದ್ದು ಸೈದ್ಧಾಂತಿಕ ಭೌತಶಾಸ್ತ್ರ. ದ್ರವದೊಳಗೆ ಸಣ್ಣ ಕಣ ಹೇಗೆ ಚಲಿಸುತ್ತದೆ ಅನ್ನೋದು ನನ್ನ ವಿಷಯ. ಹಲವು ವರ್ಷ ಕಾಗದ, ಪೆನ್ನು, ಕಂಪ್ಯೂಟರ್ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಆಮೇಲೆ ಸಿಹಿನೀರಿನ ಮೈಕ್ರೋಪ್ಲಾಸ್ಟಿಕ್ ಕಡೆ ಹೊರಳಿದೆ. ಕೆರೆ, ನದಿಯ ನೀರು ಸೋಸಿ, ಅದರಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ಒಂದೊಂದಾಗಿ ಎಣಿಸುವ ಕೆಲಸ. ಈಚೆಗೆ ಅದೇ ಕೆಲಸ ರಕ್ತನಾಳದವರೆಗೂ ಬಂದಿದೆ.

ಹೊಸದಾಗಿ ಲ್ಯಾಬಿಗೆ ಬಂದವರು ಮೊದಲು ಕೇಳೋದು ಒಂದೇ: "ಲೀಟರಿಗೆ ಎಷ್ಟು ಕಣ ಸಿಕ್ತು ಮೇಡಂ?" ನಾನು ತಿರುಗಿ ಕೇಳುತ್ತೇನೆ: "ಏನೂ ಇಲ್ಲದ ನೀರಲ್ಲಿ ನಿಮಗೆ ಎಷ್ಟು ಸಿಕ್ತು?" ಇದಕ್ಕೆ ಉತ್ತರ ಸಿಗುವ ತನಕ ಮೊದಲನೆಯ ಪ್ರಶ್ನೆಗೆ ಉತ್ತರ ಹೇಳೋಕಾಗಲ್ಲ. ನಾನು ಈ ಕೆಲಸ ಹೇಗೆ ಮಾಡುತ್ತೇನೆ ಅಂತ ಬರೆಯಲು ಕೂತಿರೋದೂ ಇದಕ್ಕೇ.

ಮೊದಲು ನೀರು ಹಿಡಿಯುವ ವಿಚಾರ. 5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. 2004ರಲ್ಲಿ ರಿಚರ್ಡ್ ಥಾಂಪ್ಸನ್ ಮತ್ತು ಜೊತೆಗಾರರು 'ಸೈನ್ಸ್' ಪತ್ರಿಕೆಯಲ್ಲಿ ಸಮುದ್ರದ ಪ್ಲಾಸ್ಟಿಕ್ ಬಗ್ಗೆ ಬರೆದ ಮೇಲೆ ಈ ಹೆಸರು ಎಲ್ಲರ ಬಾಯಿಗೆ ಬಂತು. ಸಮುದ್ರದಲ್ಲಿ ನೀರಿನ ಮೇಲ್ಮೈಯಲ್ಲಿ ಎಳೆಯಲು ಬಳಸುತ್ತಿದ್ದ ಮಾಂಟಾ ಬಲೆಯೇ ಕೆರೆಗೂ ಬಂತು. ಅದರ ಜಾಲರಿ ಕಣ್ಣು ಸಾಮಾನ್ಯವಾಗಿ 333 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಬಾಯಿಗೆ ಹರಿವಿನ ಮೀಟರ್ ಕಟ್ಟಿದರೆ ಎಷ್ಟು ನೀರು ಹಾದುಹೋಯಿತು ಅಂತ ಲೆಕ್ಕ ಸಿಗುತ್ತದೆ. ಆದರೆ ಬಟ್ಟೆಯಿಂದ ಉದುರುವ ನೂಲಿನ ಎಳೆ ಸುಮಾರು 10–20 ಮೈಕ್ರಾನ್ ದಪ್ಪ. ಎಷ್ಟೇ ಉದ್ದವಿದ್ದರೂ ತುದಿ ಸಿಕ್ಕಿತೆಂದರೆ ಸೂಜಿ ಕಣ್ಣಿಗೆ ದಾರ ಪೋಣಿಸಿದ ಹಾಗೆ ನುಸುಳಿ ಹೋಗುತ್ತದೆ. ಹಾಗಾಗಿ ದೊಡ್ಡ ಚೂರಿಗೆ ಬಲೆ ಎಳೆಯುತ್ತೇನೆ. ಸಣ್ಣದಕ್ಕೆ ಪಂಪಿನಿಂದ ನೀರೆತ್ತಿ, ಒಂದರ ಕೆಳಗೊಂದು ಜೋಡಿಸಿದ ಸ್ಟೀಲ್ ಜರಡಿಗಳಲ್ಲಿ ಹಾಯಿಸುತ್ತೇನೆ. ಎರಡರ ಲೆಕ್ಕವನ್ನು ಯಾವತ್ತೂ ಕೂಡಿಸುವುದಿಲ್ಲ. 2023ರಲ್ಲಿ 'ನೇಚರ್'ನಲ್ಲಿ ಬಂದ ಅಧ್ಯಯನವೊಂದು 23 ದೇಶಗಳ 38 ಕೆರೆ, ಜಲಾಶಯಗಳನ್ನು ನೋಡಿತು. ಎಲ್ಲದರಲ್ಲೂ ಪ್ಲಾಸ್ಟಿಕ್ ಇತ್ತು. ಸುದ್ದಿಯಾದದ್ದು ಅದು. ನನಗೆ ಅದರಲ್ಲಿ ಜಾಸ್ತಿ ಇಷ್ಟವಾದದ್ದು, ಎಲ್ಲ ಕೆರೆಗಳನ್ನೂ ಒಂದೇ ವಿಧಾನದಲ್ಲಿ ಅಳೆದರು ಅನ್ನೋದು. ಇಲ್ಲದಿದ್ದರೆ ಒಂದು ಕೆರೆಯನ್ನು ಇನ್ನೊಂದರ ಪಕ್ಕ ಇಟ್ಟು ಮಾತಾಡೋದೇ ಕಷ್ಟ.

ಎಲ್ಲಿಂದ ನೀರು ತೆಗೆಯಬೇಕು ಅನ್ನೋದಕ್ಕೆ ನನ್ನ ಹಳೆಯ ಓದು ನೆರವಾಯಿತು. ದ್ರವದಲ್ಲಿ ಸಣ್ಣ ಗೋಳ ಎಷ್ಟು ವೇಗದಲ್ಲಿ ಮುಳುಗುತ್ತದೆ ಅನ್ನೋದರ ಸೂತ್ರ 1851ರಲ್ಲಿ ಜಾರ್ಜ್ ಸ್ಟೋಕ್ಸ್ ಬರೆದ ಪ್ರಬಂಧದಿಂದ ಬಂದದ್ದು. ನೀರಿನ ಬಾಟಲಿಗೆ ಬಳಸುವ ಪೆಟ್ ಪ್ಲಾಸ್ಟಿಕ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.38 ಗ್ರಾಂ. ಅದರ 100 ಮೈಕ್ರಾನಿನ ಕಣವೊಂದು ನಿಂತ ನೀರಲ್ಲಿ ಸೆಕೆಂಡಿಗೆ ಸುಮಾರು 2 ಮಿಲಿಮೀಟರ್ ಇಳಿಯುತ್ತದೆ. ಅದೇ 10 ಮೈಕ್ರಾನಿನ ಕಣವಾದರೆ ಒಂದು ಮೀಟರ್ ಇಳಿಯೋಕೆ 13 ಗಂಟೆಗೂ ಜಾಸ್ತಿ ಬೇಕು. ಗಾತ್ರ ಹತ್ತನೇ ಒಂದಾದರೆ ವೇಗ ನೂರನೇ ಒಂದು. ಗಾಳಿ ಬೀಸಿ ನೀರು ಕಲಕಿದರೆ ಸಣ್ಣ ಕಣ ತಳ ಮುಟ್ಟುವ ಮಾತೇ ಇಲ್ಲ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ. ಅವು ತೇಲಬೇಕು. ಆದರೆ ಮೈಮೇಲೆ ಪಾಚಿ, ಬ್ಯಾಕ್ಟೀರಿಯಾ ಕಟ್ಟಿಕೊಂಡರೆ ಅವೂ ಮುಳುಗುತ್ತವೆ. ಅಂದರೆ ಮೇಲಿನ ನೀರನ್ನಷ್ಟೇ ಸೋಸಿದವರಿಗೆ ಸಿಗೋದು ಕಥೆಯ ಒಂದು ತುಂಡು ಮಾತ್ರ. ನಾನು ಮೇಲ್ಮೈ, ನಡುನೀರು, ತಳದ ಹೂಳು ಮೂರನ್ನೂ ತೆಗೆಯುತ್ತೇನೆ. ನದಿಯಾದರೆ ಪ್ರವಾಹಕ್ಕೆ ಮುಂಚೆ ಒಮ್ಮೆ, ಇಳಿದ ಮೇಲೆ ಇನ್ನೊಮ್ಮೆ. ಮ್ಯಾಂಚೆಸ್ಟರ್ ಸುತ್ತಲಿನ ನದಿಗಳಲ್ಲಿ ಪ್ರವಾಹವು ತಳದಲ್ಲಿ ಕೂತಿದ್ದ ಮೈಕ್ರೋಪ್ಲಾಸ್ಟಿಕ್‌ನ ಸುಮಾರು 70 ಶೇಕಡವನ್ನು ತೊಳೆದುಕೊಂಡು ಹೋಗಿತ್ತು ಅಂತ 2018ರ ಅಧ್ಯಯನವೊಂದು ತೋರಿಸಿದೆ. ಯಾವ ದಿನ ಹೂಳು ತೆಗೆದಿರಿ ಅನ್ನೋದು ಎಷ್ಟು ದೊಡ್ಡ ವಿಷಯ ನೋಡಿ.

ಸಿಹಿನೀರಿನ ದೊಡ್ಡ ತಲೆನೋವು ಪಾಚಿ, ಎಲೆಚೂರು, ಹುಳುವಿನ ರೆಕ್ಕೆ. ಇವೆಲ್ಲ ಕರಗಬೇಕು, ಪ್ಲಾಸ್ಟಿಕ್ ಉಳಿಯಬೇಕು. ನಾನು ಬಳಸೋದು ಫೆಂಟನ್ ವಿಧಾನ: 30 ಶೇಕಡದ ಹೈಡ್ರೋಜನ್ ಪೆರಾಕ್ಸೈಡ್, ಜೊತೆಗೆ ಕಬ್ಬಿಣದ ಸಲ್ಫೇಟ್ ದ್ರಾವಣ. ಕಬ್ಬಿಣ ಹಾಕಿದ ಸ್ವಲ್ಪ ಹೊತ್ತಿಗೆ ಬೀಕರಿನ ಅಂಚಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಕಂದು ನೊರೆ ಉಕ್ಕುತ್ತದೆ, ಗಾಜು ಬಿಸಿಯಾಗುತ್ತದೆ. ಕೆಲವು ವಿಧಾನಗಳಲ್ಲಿ 75 ಡಿಗ್ರಿವರೆಗೆ ಕಾಯಿಸುತ್ತಾರೆ. ನಾನು ಬೀಕರನ್ನು ಐಸಿನಲ್ಲಿಟ್ಟು 40 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತೇನೆ. ತಡವಾಗುತ್ತದೆ, ಆಗಲಿ. ಬೇಗ ಮುಗಿಯಲಿ ಅಂತ ಪ್ರಬಲ ಆಮ್ಲ ಹಾಕಿದರೆ ನೈಲಾನ್ ಕರಗಿ ಹೋಗುತ್ತದೆ. ಪ್ರಬಲ ಕ್ಷಾರ ಹಾಕಿದರೆ ಪೆಟ್‌ಗೆ ಪೆಟ್ಟು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಈ ಪೆರಾಕ್ಸೈಡ್ ಹತ್ತಿರ ಯಾರನ್ನೂ ಬಿಡಬೇಡಿ.

ಆಮೇಲೆ ತೇಲಿಸುವುದು: ಭಾರವಾದ ದ್ರಾವಣದಲ್ಲಿ ಪ್ಲಾಸ್ಟಿಕ್ ಮೇಲೇಳಬೇಕು, ಮಣ್ಣು ತಳದಲ್ಲಿ ಉಳಿಯಬೇಕು. ಅಡುಗೆ ಉಪ್ಪಿನ ಗಟ್ಟಿ ದ್ರಾವಣದ ಸಾಂದ್ರತೆ 1.2ರಷ್ಟು. ಅದು ಅಗ್ಗ, ಅಪಾಯವಿಲ್ಲ. ಆದರೆ ಅದರಲ್ಲಿ ಪೆಟ್, ಪಿವಿಸಿ ಎರಡೂ ಏಳುವುದಿಲ್ಲ, ತಳದ ಮಣ್ಣಿನ ಜೊತೆಯೇ ಉಳಿಯುತ್ತವೆ. ಜಿಂಕ್ ಕ್ಲೋರೈಡ್ ದ್ರಾವಣವನ್ನು 1.6ರವರೆಗೆ ತರಬಹುದು. ಅದು ವಿಷಕಾರಿ, ಲೋಹವನ್ನೂ ತಿನ್ನುತ್ತದೆ. ಸೋಸಿ ಸೋಸಿ ಮತ್ತೆ ಬಳಸಬೇಕು, ಚರಂಡಿಗೆ ಸುರಿಯುವಂತಿಲ್ಲ. ಆದರೂ ಹೂಳಿಗೆ ನಾನು ಅದನ್ನೇ ಬಳಸುತ್ತೇನೆ.

ಇಷ್ಟಾದ ಮೇಲೆ ಫಿಲ್ಟರ್ ಮೈಕ್ರೋಸ್ಕೋಪಿನ ಕೆಳಗೆ ಬರುತ್ತದೆ. ಒಂದು ಮೂಲೆಯಿಂದ ಶುರು ಮಾಡಿ ಸಾಲು ಸಾಲಾಗಿ ನೋಡುತ್ತಾ ಹೋಗಬೇಕು. ನೀಲಿ ಎಳೆಯೊಂದು ಸಿಗುತ್ತದೆ ಅಂತಿಟ್ಟುಕೊಳ್ಳಿ. ದಪ್ಪ ಉದ್ದಕ್ಕೂ ಒಂದೇ, ಜೀವಕೋಶದ ಗುರುತಿಲ್ಲ. ಪ್ಲಾಸ್ಟಿಕ್ ಅನ್ನಿಸುತ್ತದೆ ಅಲ್ವಾ? ಬಣ್ಣ ಹಾಕಿದ ಹತ್ತಿಯ ಎಳೆಯೂ ಎಷ್ಟೋ ಸಲ ಹೀಗೇ ಕಾಣುತ್ತದೆ. ಕಣ್ಣನ್ನು ನಂಬಿ ಎಣಿಸಿದ ಲೆಕ್ಕಕ್ಕೆ ನಾನು ಬೆಲೆ ಕೊಡುವುದಿಲ್ಲ. ಎಳೆಯನ್ನು ಇನ್‌ಫ್ರಾರೆಡ್ ಯಂತ್ರಕ್ಕೆ ಕೊಡುತ್ತೇನೆ. ಯಾವ ಯಾವ ತರಂಗಸಂಖ್ಯೆಯ (ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನೋ ಲೆಕ್ಕ) ಬೆಳಕನ್ನು ವಸ್ತು ಹೀರುತ್ತದೆ ಅಂತ ಅದು ಶಿಖರಗಳಾಗಿ ತೋರಿಸುತ್ತದೆ. ಪಾಲಿಎಥಿಲೀನ್ ಆದರೆ 2915, 2848ರ ಹತ್ತಿರ ಜೋಡಿ ಶಿಖರ, ಮತ್ತೆ 1470, 720ರ ಆಸುಪಾಸಿನಲ್ಲಿ ಇನ್ನೆರಡು. ಪೆಟ್ ಆದರೆ 1715ರ ಸುತ್ತ ದೊಡ್ಡದೊಂದು ಎದ್ದು ನಿಲ್ಲುತ್ತದೆ. ಹತ್ತಿಯಾದರೆ ಈ ಯಾವುದೂ ಇಲ್ಲ, 3300ರ ಬಳಿ ಅಗಲವಾದ ದಿಬ್ಬ. 10 ಮೈಕ್ರಾನಿಗಿಂತ ಸಣ್ಣದಾದರೆ ಇನ್‌ಫ್ರಾರೆಡ್ ಕೈ ಚೆಲ್ಲುತ್ತದೆ. ಆಗ ಲೇಸರ್ ಬೆಳಕು ಕಣಕ್ಕೆ ಬಡಿದು ಹೇಗೆ ಚದುರುತ್ತದೆ ಅಂತ ನೋಡುವ ರಾಮನ್ ಯಂತ್ರ. ಅದು 1 ಮೈಕ್ರಾನಿನ ತನಕ ಇಳಿಯುತ್ತದೆ.

ಈಗ ಬ್ಲ್ಯಾಂಕ್ ವಿಚಾರ. ಚೆನ್ನಾಗಿ ಸೋಸಿದ ನೀರನ್ನು ಮಾದರಿ ಅಂತಲೇ ಭಾವಿಸಿ, ಅದೇ ಬಾಟಲಿ, ಅದೇ ಜರಡಿ, ಅದೇ ಪೆರಾಕ್ಸೈಡ್, ಅದೇ ಫಿಲ್ಟರ್ ಎಲ್ಲವನ್ನೂ ದಾಟಿಸಬೇಕು. ಪಕ್ಕದಲ್ಲಿ ಒದ್ದೆ ಫಿಲ್ಟರೊಂದನ್ನು ತೆರೆದಿಡಬೇಕು, ಗಾಳಿಯಿಂದ ಏನು ಬೀಳುತ್ತದೆ ನೋಡೋಕೆ. ಬೀಳುತ್ತದೆ, ಬಿದ್ದೇ ಬೀಳುತ್ತದೆ. ನಮ್ಮ ಬಟ್ಟೆ, ಕುರ್ಚಿಯ ಹೊದಿಕೆ, ಎಸಿಯ ಗಾಳಿ ಎಲ್ಲದರಿಂದಲೂ ಎಳೆ ಬರುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಹತ್ತಿಯ ಕೋಟು, ಗಾಜಿನ ಪಾತ್ರೆ, ಸ್ಟೀಲಿನ ಚಿಮಟ. ಬಳಸುವ ದ್ರಾವಣಗಳನ್ನೂ ಮೊದಲೇ ಸೋಸಿಡುತ್ತೇನೆ.

ಗಣಿತ ನಿಜವಾಗಿ ಕೈ ಹಿಡಿದದ್ದು ಇಲ್ಲೇ. ಚದುರಿ ಬಿದ್ದ ಕಣಗಳ ಎಣಿಕೆಯನ್ನು ಪ್ವಾಸಾನ್ ಹಂಚಿಕೆ ಅಂತ ಹಿಡಿಯಬಹುದು. ಎಣಿಕೆ ಎಷ್ಟೋ ಅದರ ವರ್ಗಮೂಲದಷ್ಟು ಏರುಪೇರು ಸಹಜ. ಉದಾಹರಣೆಗೆ ಮಾದರಿಯಲ್ಲಿ 14 ಕಣ, ಬ್ಲ್ಯಾಂಕಿನಲ್ಲಿ 9 ಅಂತಿಟ್ಟುಕೊಳ್ಳಿ. ಕಳೆದರೆ 5. ಏರುಪೇರು 14 ಮತ್ತು 9 ಕೂಡಿದ 23ರ ವರ್ಗಮೂಲ, ಅಂದರೆ ಹತ್ತಿರ ಹತ್ತಿರ 5. ಐದರ ಮೇಲೆ ಐದರ ಅನುಮಾನ! ಇಂಥ ಫಲಿತಾಂಶ ಹಿಡಿದು "ಈ ನದಿಯಲ್ಲಿ ಪ್ಲಾಸ್ಟಿಕ್ ಇದೆ" ಅಂತ ಬರೆಯೋಕೆ ನನ್ನ ಕೈ ಬರುವುದಿಲ್ಲ. ದಾರಿ ಏನು? ಜಾಸ್ತಿ ನೀರು ಸೋಸೋದು. ಬ್ಲ್ಯಾಂಕಿನ ಕಣಗಳು ಬಹುಪಾಲು ಲ್ಯಾಬಿನಿಂದ ಬರುವಂಥವು, ನೀರು ಹೆಚ್ಚಾದರೂ ಅವು ಅಷ್ಟಾಗಿ ಹೆಚ್ಚುವುದಿಲ್ಲ. ಹತ್ತು ಪಟ್ಟು ನೀರು ಸೋಸಿದರೆ ನೀರಿನಿಂದ 50, ಲ್ಯಾಬಿನಿಂದ ಅದೇ 9; ಅಂದರೆ ಮಾದರಿಯಲ್ಲಿ ಒಟ್ಟು 59, ಬ್ಲ್ಯಾಂಕಿನಲ್ಲಿ 9. ಈಗ ವ್ಯತ್ಯಾಸ 50, ಏರುಪೇರು 8 ಚಿಲ್ಲರೆ. ಈ ಮಾತಿಗೆ ಸಹಿ ಹಾಕಬಹುದು.

ಒಂದೂ ಕಣ ಸಿಗಲಿಲ್ಲ ಅಂದರೂ ಸೊನ್ನೆ ಅಂತ ಬರೆದು ಮುಗಿಸುವಂತಿಲ್ಲ. ಸೊನ್ನೆ ಎಣಿಕೆಗೆ 95 ಶೇಕಡ ಭರವಸೆಯ ಮೇಲ್ಮಿತಿ ಸುಮಾರು 3. ಒಂದು ಲೀಟರ್ ನೋಡಿ ಸೊನ್ನೆ ಕಂಡವರು ಲೀಟರಿಗೆ 3ರ ತನಕ ಇರಬಹುದು ಅನ್ನಬೇಕು. ನೂರು ಲೀಟರ್ ನೋಡಿದವರು 0.03 ಅನ್ನಬಹುದು. ಇಬ್ಬರ ಸೊನ್ನೆಗೂ ಎಷ್ಟು ವ್ಯತ್ಯಾಸ!

ರಕ್ತನಾಳದ ಕೆಲಸಕ್ಕೆ ನನ್ನನ್ನು ಕರೆದದ್ದು ಒಬ್ಬ ವೈದ್ಯೆ. 2024ರಲ್ಲಿ ಇಟಲಿಯ ಸಂಶೋಧಕರು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟಿಸಿದ ಅಧ್ಯಯನ ಹಿಡಿದುಕೊಂಡು ಬಂದಿದ್ದರು. ಕುತ್ತಿಗೆಯ ಕ್ಯಾರೋಟಿಡ್ ಅಪಧಮನಿಯಿಂದ ತೆಗೆದ ಕೊಬ್ಬಿನ ಗಡ್ಡೆಗಳನ್ನು ಅವರು ಪರೀಕ್ಷಿಸಿದ್ದರು. 257 ರೋಗಿಗಳಲ್ಲಿ 150 ಜನರ ಗಡ್ಡೆಯಲ್ಲಿ ಪಾಲಿಎಥಿಲೀನ್ ಸಿಕ್ಕಿತ್ತು, 31 ಜನರಲ್ಲಿ ಪಿವಿಸಿ ಕೂಡ. ಸುಮಾರು 34 ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಪ್ಲಾಸ್ಟಿಕ್ ಸಿಕ್ಕವರಲ್ಲಿ ನಾಲ್ಕೂವರೆ ಪಟ್ಟು. ಪ್ಲಾಸ್ಟಿಕ್ಕೇ ಕಾರಣ ಅಂತ ಇದು ಸಾಬೀತು ಮಾಡುವುದಿಲ್ಲ, ಅದನ್ನು ಬರೆದವರೇ ಹೇಳಿದ್ದಾರೆ. ಆದರೂ ಓದಿ ಪಕ್ಕಕ್ಕಿಡುವ ವಿಷಯವಲ್ಲ.

"ಇಷ್ಟು ಸಣ್ಣ ಕಣ ನಾಳದ ಗೋಡೆಗೆ ಹೇಗೆ ತಲುಪುತ್ತೆ, ಲೆಕ್ಕ ಹಾಕಿ ಹೇಳ್ತೀರಾ?" ಅಂತ ಕೇಳಿದರು. ಇದು ನನಗೆ ತುಂಬ ಪ್ರೀತಿಯ ಲೆಕ್ಕ. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸೂತ್ರದ ಪ್ರಕಾರ 1 ಮೈಕ್ರಾನಿನ ಕಣ ರಕ್ತದಲ್ಲಿ ತನ್ನಷ್ಟಕ್ಕೆ ಕುಣಿದಾಡಿ ಸೆಕೆಂಡಿನಲ್ಲಿ ಅಡ್ಡಡ್ಡ ಸರಿಯುವುದು ಅರ್ಧ ಮೈಕ್ರಾನಿನಷ್ಟು. ಕ್ಯಾರೋಟಿಡ್ ನಾಳ ಸುಮಾರು 6 ಮಿಲಿಮೀಟರ್ ಅಗಲ. ಈ ಕುಣಿತದಿಂದ ಗೋಡೆ ಮುಟ್ಟುವ ಹೊತ್ತಿಗೆ ರಕ್ತ ಎಲ್ಲಿಗೋ ಹೋಗಿರುತ್ತದೆ. ಕೆಲಸ ಮಾಡುವವರು ಬೇರೆ. ಕೆಂಪು ರಕ್ತಕಣಗಳು ನಾಳದ ನಡುವೆ ಗುಂಪುಗೂಡಿ, ಗಟ್ಟಿಯಾದ ಸಣ್ಣ ಕಣಗಳನ್ನು ಅಂಚಿಗೆ ತಳ್ಳುತ್ತವೆ. ಪ್ಲೇಟ್‌ಲೆಟ್‌ಗಳು ಗೋಡೆಯ ಬಳಿ ಇರೋದೂ ಇದೇ ಕಾರಣಕ್ಕೆ. ಇನ್ನು ನಾಳ ಕವಲೊಡೆಯುವ ಜಾಗದಲ್ಲಿ ರಕ್ತ ಸುಳಿಯುತ್ತದೆ, ನಿಧಾನವಾಗುತ್ತದೆ. ಕೊಬ್ಬು ಕಟ್ಟೋದು ಹೆಚ್ಚಾಗಿ ಅಲ್ಲೇ.

ಲೆಕ್ಕ ಕೊಟ್ಟ ಮೇಲೆ ನಾನು ಕೇಳಿದ್ದು ನನ್ನ ಹಳೆಯ ಪ್ರಶ್ನೆ: ಆಪರೇಷನ್ ಥಿಯೇಟರಿನ ಬ್ಲ್ಯಾಂಕ್ ಏನು ಹೇಳುತ್ತದೆ? ಅಲ್ಲಿ ಕೊಳವೆ, ಗ್ಲೌಸ್, ಹೊದಿಕೆ, ಸಿರಿಂಜು ಎಲ್ಲ ಪ್ಲಾಸ್ಟಿಕ್. ಹಾಗಾಗಿ ನಾವು ಸೋಸಿದ ಸಲೈನ್ ತುಂಬಿದ ಗಾಜಿನ ಜಾಡಿಯೊಂದನ್ನು, ಗಡ್ಡೆ ಹಾಕುವ ಜಾಡಿಯ ಪಕ್ಕದಲ್ಲೇ, ಅಷ್ಟೇ ಹೊತ್ತು ತೆರೆದಿಡುತ್ತೇವೆ. ಆಮೇಲೆ ಎರಡೂ ಒಂದೇ ಹಾದಿ ಹಿಡಿಯುತ್ತವೆ.

ಇನ್ನೊಂದು ತೊಡಕು ಕೊಬ್ಬು. ಗಡ್ಡೆಯನ್ನು ಆಮ್ಲಜನಕವಿಲ್ಲದೆ ಜೋರಾಗಿ ಕಾಯಿಸಿ ಒಡೆದು, ಹೊರಬರುವ ಅನಿಲದಲ್ಲಿ ಪ್ಲಾಸ್ಟಿಕ್‌ನ ಗುರುತು ಹುಡುಕುವ ವಿಧಾನವಿದೆ, ಪೈರಾಲಿಸಿಸ್. ಪಾಲಿಎಥಿಲೀನ್ ಒಡೆದಾಗ ಬರುವ ಉದ್ದ ಇಂಗಾಲದ ಸರಪಳಿಗಳಂಥವೇ ಕೊಬ್ಬು ಒಡೆದಾಗಲೂ ಬರುತ್ತವೆ. ರಕ್ತನಾಳದ ಗಡ್ಡೆಯಲ್ಲಿ ಇರೋದೇ ಕೊಬ್ಬು! ಇದಕ್ಕೆ ಈಗ ಎರಡು ಪರೀಕ್ಷೆ ಜೊತೆಜೊತೆಗೆ ನಡೆಸುತ್ತಿದ್ದೇವೆ. ಪ್ಲಾಸ್ಟಿಕ್ ಸೇರಿಸದ ಬರೀ ಕೊಬ್ಬನ್ನು ಯಂತ್ರಕ್ಕೆ ಕೊಟ್ಟು ಅದು ಎಷ್ಟು ಪಾಲಿಎಥಿಲೀನ್ ಅಂತ ಸುಳ್ಳು ಹೇಳುತ್ತದೆ ನೋಡುವುದು ಒಂದು. ತೂಕ ಗೊತ್ತಿರುವ ಪಾಲಿಎಥಿಲೀನ್ ಅನ್ನು ಅದೇ ಕೊಬ್ಬಿಗೆ ಬೆರೆಸಿ, ಕೊನೆಗೆ ಎಷ್ಟು ವಾಪಸ್ ಸಿಗುತ್ತದೆ ನೋಡುವುದು ಇನ್ನೊಂದು. ಈ ಎರಡು ಸಂಖ್ಯೆ ಕೈಗೆ ಬರುವ ತನಕ ರೋಗಿಗಳ ಮಾದರಿಗಳು ಫ್ರೀಜರಿನಲ್ಲೇ ಇರುತ್ತವೆ.