ಬೋರ್ ನೀರಿನ ಫ್ಲೋರೈಡ್: ಹೆದರುವ ಮುಂಚೆ ಅಳೆದು ನೋಡುವುದು ಹೇಗೆ

ಕಳೆದ ಬೇಸಿಗೆಯಲ್ಲಿ ಏಳನೇ ತರಗತಿ ಹುಡುಗಿಯೊಬ್ಬಳ ತಾಯಿ ಮೊಬೈಲ್ ಹಿಡಿದುಕೊಂಡು ಸ್ಕೂಲಿಗೇ ಬಂದರು. "ಮಿಸ್, ಬೋರ್ ನೀರು ಕುಡಿದ್ರೆ ಮಕ್ಳು ದಡ್ಡರಾಗ್ತಾರಂತೆ. ಇವಳಿಗೆ ಲೆಕ್ಕ ಬರ್ದೇ ಇರೋದು ಇದಕ್ಕೇನಾ?" ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುವ ಮಗು. ನಾನು ಚಿಂತಾಮಣಿ ತಾಲ್ಲೂಕಿನಲ್ಲಿ ವಿಜ್ಞಾನ ಟೀಚರ್. ಆ ತಾಯಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಆ ಸುದ್ದಿ ಇದ್ದದ್ದು ಫ್ಲೋರೈಡ್ ಬಗ್ಗೆ. ಅದು ಆಳದ ಬಂಡೆಯಿಂದ ಬೋರ್ ನೀರಿಗೆ ಸೇರುವ ವಸ್ತು; ಹೆಚ್ಚಾದರೆ ಬೆಳೆಯುವ ಹಲ್ಲಿನ ಮೇಲೆ ಇಂಥ ಕಂದು ಗೆರೆ ಮೂಡಿಸುತ್ತದೆ. ಮೊದಲು ಸುದ್ದಿಯೊಳಗಿನ ಅಂಕಿ ಹುಡುಕಿ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2024ರ ಆಗಸ್ಟ್‌ನಲ್ಲಿ ಒಂದು ವರದಿ ಕೊಟ್ಟಿತು. ಮಕ್ಕಳ ಬುದ್ಧಿಮಟ್ಟದ ಬಗೆಗಿನ 72 ಅಧ್ಯಯನಗಳಲ್ಲಿ ಉತ್ತಮ ಗುಣಮಟ್ಟದವು 19. ಅದರಲ್ಲಿ 18ರಲ್ಲಿ ಫ್ಲೋರೈಡ್ ಹೆಚ್ಚಿದ್ದ ಕಡೆ ಅಂಕ ಕಡಿಮೆ. ಆ ವರದಿ ಈ ಮಾತು ಹೇಳಿದ್ದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರಿಗೆ, ಅದೂ ಮಧ್ಯಮ ಮಟ್ಟದ ಖಾತ್ರಿಯಿಂದ. ಅದು ಗುಂಪಿನ ಲೆಕ್ಕ, ಒಬ್ಬಳ ಲೆಕ್ಕದ ಪರೀಕ್ಷೆಯ ಫಲಿತಾಂಶವಲ್ಲ. ದಯವಿಟ್ಟು ಮಗುವಿನ ಎದುರಿಗೆ "ದಡ್ಡಿ" ಅನ್ನಬೇಡಿ. ನೀರು ಮಾಡದ ಕೆಡುಕನ್ನು ಆ ಮಾತು ಮಾಡುತ್ತದೆ.

ನಮ್ಮ ದೇಶದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಲೀಟರಿಗೆ 1.0 ಮಿಲಿಗ್ರಾಂ; ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ಈಗ ನಿಮ್ಮ ನಲ್ಲಿಯ ಅಂಕಿ ತಿಳಿಯಬೇಕು. ಮೋಟರ್ ಆನ್ ಮಾಡಿ ಐದು ನಿಮಿಷ ನೀರು ಹರಿಯಲು ಬಿಡಿ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ವರ್ತಿಸಿ ಅಳತೆ ತಪ್ಪಬಹುದು. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಕಿಟ್ ಇದೆಯಾ ಅಂತ ಕೇಳಿ. ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಂಗಸರಿಗೇ ಇದರ ತರಬೇತಿ ಕೊಡುತ್ತಾರೆ.

ನಾವು ಆ ತಾಯಿಯ ಮನೆಯ ನೀರನ್ನು ತರಗತಿಯಲ್ಲೇ ನೋಡಿದೆವು. ಕಿಟ್‌ನ ಗುಲಾಬಿ ಬಣ್ಣದ ದ್ರಾವಣ ಸುರಿದು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆ ಬಣ್ಣ ಇರುವುದು ಜಿರ್ಕೋನಿಯಂ ಎಂಬ ಲೋಹ ಬಣ್ಣದ ಅಣುವಿಗೆ ಅಂಟಿಕೊಂಡಿರುವುದರಿಂದ. ಫ್ಲೋರೈಡ್ ಬಂತೆಂದರೆ ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ. ಗುಲಾಬಿ ಮಾಸುತ್ತಾ ಕಿತ್ತಳೆ ಆಯಿತು, ಆಮೇಲೆ ಹಳದಿಗೆ ತಿರುಗಿತು. ಕಾರ್ಡಿನ ಬಣ್ಣಕ್ಕೆ ಹೋಲಿಸಿದರೆ 2ರ ಹತ್ತಿರ. ಅಂಕಿ ಅನುಮಾನ ಅನ್ನಿಸಿದರೆ ಪ್ರಯೋಗಾಲಯಕ್ಕೆ ಕೊಡಿ.

"ನಾವು ಕುಡಿಯೋದು ಫಿಲ್ಟರ್ ನೀರೇ ಮಿಸ್" ಅಂದರು. ಹಾಗಾದರೆ ಮುದ್ದೆ? ಅದಕ್ಕೆ ನಲ್ಲಿ ನೀರು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಮುದ್ದೆ, ಅನ್ನ, ಸಾರು, ಟೀ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದ ಫಿಲ್ಟರ್ ನೀರೇ ತನ್ನಿ. ಸ್ನಾನಕ್ಕೆ, ಪಾತ್ರೆಗೆ ಬೋರ್ ನೀರು ಸಾಕು, ಖರ್ಚು ಹೆಚ್ಚಾಗುವುದಿಲ್ಲ. ಘಟಕದ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಿ. ಅಲ್ಲಿ ನೀರು ಸೋಸುವ ಪೊರೆ ಹಾಳಾದರೆ ರುಚಿಯಲ್ಲಿ ಗೊತ್ತಾಗದೇ ಇರಬಹುದು.

ಕೈಲಾದವರು ಮಳೆ ನೀರು ಹಿಡಿಯಿರಿ. ಆಳದ ಬಂಡೆಯ ಸಹವಾಸ ಅದಕ್ಕಿಲ್ಲ. 20-30 ಅಡಿ ತಾರಸಿಯ ಮೇಲೆ 700 ಮಿ.ಮೀ. ಮಳೆ ಬಿದ್ದರೆ, ಸೋರಿದ್ದು ಕಳೆದು ಸುಮಾರು 31,000 ಲೀಟರ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೂ ವರ್ಷಕ್ಕೆ ಬೇಕಾಗುವುದು 9,125. ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ನೀರಿನ ಸಂಪ್ ಒಳಗೆ ಬೆಳಕು ಬೀಳದಂತೆ ಮುಚ್ಚಿ. ಕುಡಿಯುವ ಮುಂಚೆ ಸೋಸಿ ಕುದಿಸಿ. ಇಲ್ಲಿ ಕುದಿಸುವುದು ಕ್ರಿಮಿ ಸಾಯಲಿ ಅಂತ.

ಹುಡುಗಿಯ ಹಲ್ಲಿನ ಗೆರೆ ನೀರು ಬದಲಿಸಿದರೆ ಹೋಗುವುದಿಲ್ಲ, ಅದನ್ನು ಅವಳಿಗೆ ನೇರವಾಗಿಯೇ ಹೇಳಿದೆ. ಅವಳ ತಮ್ಮನಿಗೆ ಇನ್ನೂ ಮೂರು ವರ್ಷ, ಶಾಶ್ವತ ಹಲ್ಲುಗಳು ವಸಡಿನೊಳಗೆ ಈಗ ರೂಪುಗೊಳ್ಳುತ್ತಿವೆ. ಮಾರನೇ ದಿನದಿಂದ ಘಟಕದ ಸಾಲಿನಲ್ಲಿ ಅವರ ಮನೆಯದು ಎರಡು ಕ್ಯಾನು.