ಕಡ್ಡಿ, ಕುಡಿ, ಪುಡಿ: ದಿನದ ಜಪಾನಿ ಚಹಾಕ್ಕೆ ನಾನು ಹಿಡಿದ ದಾರಿ

ಜಪಾನಿಗೆ ಬಂದು ನೆಲೆಸಿದ ಮೇಲೆ ನನಗೆ ಅಂಟಿಕೊಂಡಿದ್ದು ಗ್ರೀನ್ ಟೀ ಚಟ. ಬೆಳಿಗ್ಗೆ ಎದ್ದ ಕೂಡಲೇ ಬೇಕು, ಊಟವಾದ ಮೇಲೆ ಬೇಕು, ಸಂಜೆ ಕೆಲಸದ ನಡುವೆ ಮತ್ತೆ ಬೇಕು. ಇಷ್ಟು ಕುಡಿಯುವವರು 100 ಗ್ರಾಂಗೆ 2000 ಯೆನ್ ಕೊಡುತ್ತಾ ಹೋದರೆ ತಿಂಗಳ ಕೊನೆಗೆ ಕಷ್ಟ. ಹಾಗಂತ ಸೂಪರ್ ಮಾರ್ಕೆಟಿನ ತೀರಾ ಅಗ್ಗದ ಪೊಟ್ಟಣವೂ ಬೇಡ. ಅದರಲ್ಲಿ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ. ಎಲೆ ಹಾಕುವಾಗ ಕೈ ಹಿಡಿಯಬೇಕಾಗಬಾರದು, ಕುಡಿದಾಗ ಸಪ್ಪೆ ಅನ್ನಿಸಲೂಬಾರದು. ನಾನು ಹುಡುಕಿದ್ದು ಅಂಥದ್ದನ್ನು.

ಮೊದಲು ದುಡ್ಡಿನ ಮಾತು. ಇಲ್ಲಿ ಚಹಾ ಎಲೆಯನ್ನು ಹೆಚ್ಚಾಗಿ 100 ಗ್ರಾಂ ಪೊಟ್ಟಣದಲ್ಲಿ ಮಾರುತ್ತಾರೆ. ಚಹಾ ಅಂಗಡಿಗೆ ಹೋದರೆ 500, 800, 1000, 1500 ಯೆನ್ ಎಂದು ಸಾಲಾಗಿ ಜೋಡಿಸಿಟ್ಟಿರುತ್ತಾರೆ. 1000 ಯೆನ್ ಅಂದರೆ ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಒಂದು ಸಲಕ್ಕೆ 5 ಗ್ರಾಂ ಎಲೆ ಅಂತ ಹಿಡಿದರೆ 20 ಸಲಕ್ಕೆ ಬರುತ್ತದೆ. ಒಂದು ಸಲಕ್ಕೆ 50 ಯೆನ್ ಆಯಿತು. ಅದೇ ಎಲೆಗೆ ಎರಡು ಮೂರು ಬಾರಿ ನೀರು ಹಾಕಬಹುದು. ರಸ್ತೆ ಬದಿಯ ವೆಂಡಿಂಗ್ ಮಷಿನ್‌ನಲ್ಲಿ ಸಿಗುವ ಒಂದು ಬಾಟಲಿ ಚಹಾದ ಮುಂದೆ ಇದು ಏನೂ ಅಲ್ಲ. ಈ ಲೆಕ್ಕ ನೋಡಿಯೇ ನಾನು 1000 ಯೆನ್ನನ್ನು ಮೇಲಿನ ಗೆರೆ ಎಂದು ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ ಈಗ ಅದರ ಹತ್ತಿರಕ್ಕೂ ಹೋಗುವುದು ಅಪರೂಪ.

ಅಂಗಡಿಯಲ್ಲಿ ಪೊಟ್ಟಣ ಕೈಗೆತ್ತಿಕೊಂಡರೆ ನಾನು ಮೊದಲು ಮಾಡುವ ಕೆಲಸ ಅದನ್ನು ತಿರುಗಿಸುವುದು. ಮುಂದೆ ಬೆಟ್ಟ, ತೋಟ, ಚಿನ್ನದ ಬಣ್ಣದ ಅಕ್ಷರ ಏನು ಬೇಕಾದರೂ ಇರಲಿ. ಹಿಂದಿನ ಸಣ್ಣ ಚೌಕದಲ್ಲಿ ಪದಾರ್ಥಗಳ ಸಾಲು ಇರುತ್ತದೆ. ಅಲ್ಲಿ ರ್ಯೊಕುಚಾ, ಅಂದರೆ ಹಸಿರು ಚಹಾ, ಅಂತ ಒಂದೇ ಪದಾರ್ಥ ಇರಬೇಕು. ಪಕ್ಕದಲ್ಲಿ ಎಲ್ಲಿಯ ಎಲೆ ಅನ್ನುವುದಿದ್ದರೆ ಸಾಕು. ಅದರ ಜೊತೆಗೆ ಚೋಮಿರ್ಯೋ, ಅಮಿನೋಸಾನ್ ಅಂತ ಬರೆದಿದ್ದರೆ ಪೊಟ್ಟಣ ವಾಪಸ್ ಕಪಾಟಿಗೆ ಹೋಗುತ್ತದೆ. ಸಪ್ಪೆ ಎಲೆಗೆ ಅಮೈನೊ ಆಮ್ಲದ ರುಚಿಪುಡಿ ಬೆರೆಸಿದ್ದಾರೆ ಅಂತ ಅದರ ಅರ್ಥ. ಮೊದಲ ಗುಟುಕಿಗೆ ಭಲೇ ಅನ್ನಿಸುತ್ತದೆ, ಆಮೇಲೆ ನಾಲಗೆಯ ಮೇಲೆ ಸಾರಿನ ರುಚಿಯಂಥದ್ದೇನೋ ಉಳಿದುಬಿಡುತ್ತದೆ. ಇನ್ನೊಂದು ಬಗೆ ಮಾಚಾ ಬೆರೆಸಿದ ಸೆನ್ಚಾ. ಸೆನ್ಚಾ ಅಂದರೆ ಇಲ್ಲಿನ ಮಾಮೂಲಿ ಎಲೆ ಚಹಾ, ಮಾಚಾ ಅಂದರೆ ಎಲೆಯನ್ನೇ ನುಣ್ಣಗೆ ಬೀಸಿದ ಪುಡಿ. ಮಾಚಾ ಪುಡಿ ಸವರಿದ ಎಲೆ ಎಂಥ ನೀರಿನಲ್ಲೂ ಗಾಢ ಹಸಿರಾಗಿ ಇಳಿಯುತ್ತದೆ. ಇದರಲ್ಲಿ ಮೋಸವೇನಿಲ್ಲ, ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದೇ ಇರುತ್ತಾರೆ. ಆದರೆ ಕೆಳಗಿನ ಎಲೆ ಹೇಗಿದೆ ಅನ್ನುವುದು ಆ ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಹುರಿದ ಅಕ್ಕಿ ಬೆರೆಸುವ ಗೆನ್ಮೈಚಾದಲ್ಲಿ ಮಾಚಾ ಇದ್ದರೆ ನನ್ನದೇನೂ ತಕರಾರಿಲ್ಲ. ಅಲ್ಲಿ ಅದು ಚೆನ್ನಾಗಿ ಹೊಂದುತ್ತದೆ.

ಆಮೇಲೆ ಕುಯಿಲಿನ ವಿಷಯ. ವರ್ಷದ ಮೊದಲ ಕುಯಿಲಿಗೆ ಇಚಿಬಾಂಚಾ ಅನ್ನುತ್ತಾರೆ. ಕಾಗೊಶಿಮಾದಂಥ ಬೆಚ್ಚಗಿನ ಕಡೆ ಏಪ್ರಿಲ್‌ನಲ್ಲೇ ಶುರುವಾಗುತ್ತದೆ, ಉತ್ತರಕ್ಕೆ ಹೋದಂತೆ ಮೇ ತಿಂಗಳು. ಚಳಿಗಾಲವಿಡೀ ಗಿಡ ಕೂಡಿಟ್ಟ ಸತ್ವ ಈ ಚಿಗುರಿನಲ್ಲಿರುತ್ತದೆ. ನಾಲಗೆಗೆ ಸಿಹಿಯಾಗಿ, ತುಂಬಿಕೊಂಡಂತೆ ಅನ್ನಿಸುವ ಥಿಯನಿನ್ ಇದರಲ್ಲಿ ಜಾಸ್ತಿ. ಜೂನ್, ಜುಲೈನಲ್ಲಿ ಬರುವ ಎರಡನೇ ಕುಯಿಲು ನಿಬಾಂಚಾ. ಅಷ್ಟೊತ್ತಿಗೆ ಬಿಸಿಲು ಜೋರಾಗಿ ಒಗರು ಕೊಡುವ ಕ್ಯಾಟೆಚಿನ್ ಮೇಲುಗೈ ಪಡೆದಿರುತ್ತದೆ. ಬೆಲೆ ಸಟಕ್ಕನೆ ಇಳಿಯುವುದೂ ಇಲ್ಲೇ. ಹಾಗಾದರೆ ಅಗ್ಗಕ್ಕೆ ಎರಡನೇ ಕುಯಿಲು ತೆಗೆದುಕೊಂಡರಾಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ನಾನು ಆ ಕಡೆ ಹೋಗಲಿಲ್ಲ. ಸುಮ್ನೆ ಎರಡನೇ ಕುಯಿಲಿನ ಚೆಂದದ ಎಲೆ ಕೊಳ್ಳುವ ಬದಲು, ಮೊದಲ ಕುಯಿಲಿನಲ್ಲೇ ಜನ ಬೇಡ ಅನ್ನುವ ಭಾಗ ಕೊಳ್ಳುವುದು ಮೇಲು. ಬೆಲೆ ಹೆಚ್ಚುಕಮ್ಮಿ ಒಂದೇ, ರುಚಿ ಮಾತ್ರ ಎಲ್ಲಿಂದೆಲ್ಲಿಗೆ!

ಆ ಬೇಡದ ಭಾಗ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇಡೀ ಉಳಿತಾಯ ಇರುವುದು ಇಲ್ಲೇ. ತೋಟದಿಂದ ಬಂದ ಎಲೆಯನ್ನು ಆವಿಯಲ್ಲಿ ಬೇಯಿಸಿ, ಹೊಸೆದು, ಒಣಗಿಸಿದರೆ ಸಿಗುವುದು ಅರಾಚಾ. ಇದು ಇನ್ನೂ ಒರಟು ಮಾಲು. ಎಲೆ, ಕಡ್ಡಿ, ಚೂರು ಎಲ್ಲ ಒಟ್ಟಿಗೇ ಇರುತ್ತದೆ. ವ್ಯಾಪಾರಿಗಳು ಇದನ್ನು ಕೊಂಡು ಜರಡಿ ಹಿಡಿದು, ಬಿಸಿ ಕೊಟ್ಟು, ಬೇರೆ ಬೇರೆ ತೋಟದ್ದನ್ನು ಹದವಾಗಿ ಬೆರೆಸಿ ಸೆನ್ಚಾ ಮಾಡುತ್ತಾರೆ. ಜರಡಿಯಲ್ಲಿ ಬೇರೆಯಾಗುವುದು ಮೂರು: ಕಡ್ಡಿಯಿಂದ ಕುಕಿಚಾ, ಉರುಟಾದ ಸಣ್ಣ ಕುಡಿಗಳಿಂದ ಮೆಚಾ, ಪುಡಿಚೂರಿನಿಂದ ಕೊನಾಚಾ. ಗಿಡ ಅದೇ, ತೋಟ ಅದೇ, ಕುಯಿಲೂ ಅದೇ. ಸೂಜಿಯಂತೆ ನೀಟಾಗಿ ಕಾಣುವುದಿಲ್ಲ ಅನ್ನುವ ಕಾರಣಕ್ಕೆ ಬೆಲೆ ಕಡಿಮೆ.

ಕುಕಿಚಾ ನನ್ನ ಬೆಳಗಿನ ಚಹಾ. ತಟ್ಟೆಗೆ ಸುರಿದು ನೋಡಿದರೆ ಕಡುಹಸಿರು ಎಲೆಚೂರಿನ ನಡುವೆ ತಿಳಿಹಸಿರು, ಬೆಳ್ಳನೆಯ ಕಡ್ಡಿಗಳು ಹೊಳೆಯುತ್ತವೆ. ಕಡ್ಡಿಯಲ್ಲಿ ಕೆಫೀನ್, ಒಗರು ಎರಡೂ ಕಡಿಮೆ. ಬಾಯಿಗೆ ಹಗುರ, ಆಮೇಲೆ ಸಿಹಿ. ನೀರು ಸ್ವಲ್ಪ ಜಾಸ್ತಿ ಬಿಸಿಯಿದ್ದರೂ ಮುನಿಸಿಕೊಳ್ಳುವುದಿಲ್ಲ. ನೆರಳಲ್ಲಿ ಬೆಳೆಸುವ ಗ್ಯೊಕುರೊ ಅಂತೂ ನನ್ನ ಕೈಗೆಟುಕದ ಬೆಲೆ. ಅದರ ಕಡ್ಡಿಯನ್ನು ಕ್ಯೋಟೊ ಕಡೆ ಕರಿಗಾನೆ ಎಂದು ಬೇರೆ ಮಾರುತ್ತಾರೆ. ಗ್ಯೊಕುರೊ ಹೇಗಿರುತ್ತದೆ ಅಂತ ಕಡಿಮೆ ದುಡ್ಡಿನಲ್ಲಿ ತಿಳಿಯಬೇಕಾದರೆ ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ.

ಮೆಚಾ ಇದಕ್ಕೆ ತದ್ವಿರುದ್ಧ, ಖಡಕ್. ಸಣ್ಣ ಕಾಳಿನಂತೆ ಸುರುಟಿಕೊಂಡಿರುವ ಕುಡಿಗಳು ನೀರಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಮೂರನೇ ನೀರಿಗೂ ರುಚಿ ಇಳಿಯುತ್ತದೆ. ಎಲೆ ಕಡಿಮೆ ಹಾಕಿದರೆ ಸಾಕು. ಮಧ್ಯಾಹ್ನದ ತೂಕಡಿಕೆಗೆ ಇದೇ ಮದ್ದು. ಕೊನಾಚಾ ನಿಮಗೆ ಗೊತ್ತಿಲ್ಲದೆಯೇ ಕುಡಿದಿರಬಹುದು. ಸುಶಿ ಅಂಗಡಿಗಳಲ್ಲಿ ಕೊಡುವ ಬಿಸಿ ಬಿಸಿ ಖಡಕ್ ಚಹಾ ಸಾಮಾನ್ಯವಾಗಿ ಇದೇ. ಬಟ್ಟಲ ಮೇಲೆ ಸಣ್ಣ ಜರಡಿ ಇಟ್ಟು ಒಂದು ಚಮಚ ಹಾಕಿ, ಕುದಿ ನೀರು ಸುರಿದರೆ ಮುಗಿಯಿತು. ಕಾಯುವ ಕೆಲಸವೇ ಇಲ್ಲ. ನೀರಲ್ಲಿ ಕಲಕಿ ಹಾಗೇ ಕುಡಿಯುವ ಪುಡಿ ಚಹಾ ಬೇರೆ, ಇದು ಬೇರೆ. ಇದನ್ನು ಸೋಸಲೇಬೇಕು.

ಊರಿನ ಹೆಸರಿಗೆ ಎಷ್ಟು ದುಡ್ಡು ಕೊಡಬೇಕು? ಕ್ಯೋಟೊ ಬಳಿಯ ಉಜಿ ಅಂದ ಕೂಡಲೇ ಬೆಲೆ ಮೇಲೇರುತ್ತದೆ. ಅಲ್ಲಿನ ಚಹಾ ಚೆನ್ನಾಗಿಯೇ ಇರುತ್ತದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಉಜಿ ಚಹಾ ಅಂದರೆ ಉಜಿ ಊರಲ್ಲೇ ಬೆಳೆದದ್ದು ಅಂತೇನೂ ಅಲ್ಲ. ಕ್ಯೋಟೊ ಜೊತೆಗೆ ನಾರಾ, ಶಿಗಾ, ಮಿಎ ಪ್ರಾಂತ್ಯಗಳ ಎಲೆಯನ್ನು ತಂದು ಕ್ಯೋಟೊದಲ್ಲಿ ಹದಮಾಡಿದ್ದಕ್ಕೂ ಆ ಹೆಸರು ಸಲ್ಲುತ್ತದೆ. ಅದಕ್ಕೇ ದಿನದ ಚಹಾಕ್ಕೆ ನಾನು ಹೆಸರಿಗೆ ದುಡ್ಡು ಕೊಡುವುದಿಲ್ಲ. ಮಿಎಯಲ್ಲಿ ಬೆಳೆದದ್ದು ಇಸೆ ಚಹಾ ಅನ್ನುವ ತನ್ನದೇ ಹೆಸರಿನಲ್ಲಿ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ.

ನನ್ನ ಪೊಟ್ಟಣಗಳಲ್ಲಿ ಹೆಚ್ಚಿನವು ಬರುವುದು ಕಾಗೊಶಿಮಾದಿಂದ. ಅಲ್ಲಿ ತೋಟಗಳು ಸಮತಟ್ಟು, ದೊಡ್ಡವು. ಸಾಲಿನ ಮೇಲೆ ಆಚೀಚೆ ಕಾಲಿಟ್ಟಂತೆ ಹೋಗುವ ದೊಡ್ಡ ಯಂತ್ರದಲ್ಲಿ ಕೂತು ಕುಯ್ಯುತ್ತಾರೆ. ಚಹಾಕ್ಕೆ ಹೆಸರಾದ ಇನ್ನೊಂದು ಪ್ರಾಂತ್ಯ ಶಿಜುವೊಕಾದ ಬೆಟ್ಟದ ಇಳಿಜಾರಿನಲ್ಲಿ ಅಂಥ ಯಂತ್ರ ಓಡಿಸುವುದು ಕಷ್ಟ, ಕೂಲಿ ಖರ್ಚು ಜಾಸ್ತಿ. 2024ರಲ್ಲಿ ಅರಾಚಾ ಉತ್ಪಾದನೆಯಲ್ಲಿ ಕಾಗೊಶಿಮಾ ಮೊದಲ ಬಾರಿಗೆ ಶಿಜುವೊಕಾವನ್ನು ಹಿಂದೆ ಹಾಕಿತು. ಚಿರಾನ್ ಚಹಾ ಅಂತ ಬರುವುದು ಅಲ್ಲಿನ ಮಿನಾಮಿಕ್ಯೂಶೂ ಪಟ್ಟಣದ್ದು. ತಳಿಯ ಹೆಸರು ಬರೆದಿದ್ದರೆ ಅದನ್ನೂ ನೋಡುತ್ತೇನೆ. ಜಪಾನಿನ ತೋಟಗಳಲ್ಲಿ ಬಹುಪಾಲು ಇರುವುದು ಯಾಬುಕಿತಾ. ಒಗರು, ಸಿಹಿ, ಪರಿಮಳ ಎಲ್ಲ ಸಮವಾಗಿರುವ ತಳಿ ಅದು. ಕಾಗೊಶಿಮಾದಲ್ಲಿ ಯುತಾಕಾಮಿದೊರಿ, ಸಾಯೆಮಿದೊರಿ ಕೂಡ ಬೆಳೆಯುತ್ತಾರೆ. ಸಾಯೆಮಿದೊರಿ ಸಿಹಿ, ಒಗರು ಕಡಿಮೆ, ಬಣ್ಣ ಎದ್ದು ಕಾಣುವ ಹಸಿರು. ಹೊಸಬರಿಗೆ ಕೊಡಬೇಕಾದರೆ ನಾನು ಕೊಡುವುದು ಇದನ್ನೇ.

ಇನ್ನು ಫುಕಾಮುಶಿ. ಸಾಮಾನ್ಯ ಸೆನ್ಚಾದ ಎಲೆಯನ್ನು ಅರ್ಧ ನಿಮಿಷದ ಆಸುಪಾಸು ಆವಿಯಲ್ಲಿ ಬೇಯಿಸಿದರೆ, ಫುಕಾಮುಶಿಗೆ ಒಂದರಿಂದ ಎರಡು ನಿಮಿಷ. ಶಿಜುವೊಕಾದ ಮಾಕಿನೊಹಾರಾ ಬಯಲಿನ ಎಲೆ ಬಿಸಿಲು ಕಂಡು ದಪ್ಪ, ಒಗರು. ಜಾಸ್ತಿ ಬೇಯಿಸಿದರೆ ಅದು ಮೆತ್ತಗಾಗುತ್ತದೆ ಅಂತ ಕಂಡುಕೊಂಡು ಶುರುಮಾಡಿದ್ದು ಇದು. ಎಲೆ ಮುರಿದು ಚೂರಾಗಿರುತ್ತದೆ, ನೋಡಲು ಏನೂ ಚೆಂದವಿಲ್ಲ. ಬಟ್ಟಲಿಗೆ ಬಗ್ಗಿಸಿದರೆ ಮಬ್ಬು ಹಸಿರು, ದಪ್ಪ, ಒಗರಿಲ್ಲದ ಚಹಾ. ಪರಿಮಳ ಮಾತ್ರ ಸ್ವಲ್ಪ ಕಡಿಮೆ. 600ರಿಂದ 800 ಯೆನ್‌ಗೆ ಸಿಗುವ ಇದು ದಿನದ ಬಳಕೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಇದಕ್ಕೆ ಸಣ್ಣ ಕಣ್ಣಿನ ಜಾಲರಿ ಇರುವ ಕ್ಯೂಸು, ಅಂದರೆ ಜಪಾನಿ ಟೀ ಪಾಟ್, ಬೇಕು. ದೊಡ್ಡ ತೂತಿನ ಟೀ ಪಾಟ್‌ನಲ್ಲಿ ಮಾಡಿದರೆ ಮೂತಿ ಕಟ್ಟಿಕೊಳ್ಳುತ್ತದೆ. ಟೊಕೊನಾಮೆಯ ಕೆಂಪು ಮಣ್ಣಿನ ಕ್ಯೂಸು ಒಂದು ಕೊಂಡಿಟ್ಟುಕೊಂಡಿದ್ದೇನೆ. ಚಹಾದಲ್ಲಿ ಉಳಿಸಿದ್ದು ಅಲ್ಲಿ ಹೋಯಿತು ಅಂತ ಮನೆಯಲ್ಲಿ ಹಾಸ್ಯ ಮಾಡುತ್ತಾರೆ.

ಎಲ್ಲಿ ಕೊಳ್ಳುವುದು? ಹಳೆಯ ಪೇಟೆ ಬೀದಿಗಳಲ್ಲಿ ಚಹಾ ಮಾತ್ರ ಮಾರುವ ಅಂಗಡಿಗಳು ಈಗಲೂ ಇವೆ. ಬಾಗಿಲಲ್ಲಿ ಹೋಜಿಚಾ ಎಂಬ ಕಂದು ಚಹಾ ಹುರಿಯುವ ವಾಸನೆ ಬಂದರೆ ನಾನು ಒಳಗೆ ಹೋಗಿಬಿಡುತ್ತೇನೆ. ಒಂದು ಅಂಗಡಿಯ ಅಜ್ಜ ನನಗೆ ಕಪ್ಪು ತಟ್ಟೆಯಲ್ಲಿ ಎರಡು ಬಗೆಯ ಎಲೆ ಸುರಿದು ತೋರಿಸಿದರು. ಒಂದು ಉದ್ದಕ್ಕೆ ಸೂಜಿಯಂತೆ, ಇನ್ನೊಂದು ಚೂರುಪಾರು. "ಅತಿಥಿಗಳಿಗೆ ಕೊಡಲಿಕ್ಕೋ, ನೀವೇ ಕುಡಿಯಲಿಕ್ಕೋ?" ಅಂತ ಕೇಳಿದರು. ನಾನೇ ಕುಡಿಯಲು ಅಂದೆ. ಉದ್ದ ಎಲೆಯ ತಟ್ಟೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದರು. ನಾನೂ ಈಗ ಎಲ್ಲೇ ಹೋದರೂ ದಿನಾ ಕುಡಿಯಲು ಬೇಕು ಅಂತ ಮೊದಲೇ ಹೇಳುತ್ತೇನೆ. ಉಡುಗೊರೆ ಡಬ್ಬಿಗಳ ಕಡೆ ಕರೆದುಕೊಂಡು ಹೋಗುವುದು ತಪ್ಪುತ್ತದೆ. ಚಹಾ ಬೆಳೆಯುವ ಸೀಮೆಯಲ್ಲಿ ಓಡಾಡುವಾಗ ಹೆದ್ದಾರಿ ಬದಿಯ ಮಿಚಿ ನೋ ಎಕಿ ಎಂಬ ತಂಗುದಾಣಗಳಲ್ಲಿ ನಿಲ್ಲಿಸಿ ನೋಡಿ. ರೈತರು ತಾವೇ ಕಟ್ಟಿದ ಪೊಟ್ಟಣ ಇಟ್ಟಿರುತ್ತಾರೆ. ಬೆರಕೆಯಿಲ್ಲದ ಒಂದೇ ತೋಟದ ಎಲೆ, ಕೆಲವೊಮ್ಮೆ ಅರಾಚಾ ಕೂಡ ಸಿಗುತ್ತದೆ. ಶಿಜುವೊಕಾ ನಗರದಲ್ಲಿ ಸಗಟು ವ್ಯಾಪಾರಿಗಳೇ ತುಂಬಿರುವ ಚಾಮಾಚಿ ಎಂಬ ಕೇರಿ ಇದೆ. ಹೋದವರು ಬರಿಗೈಲಿ ಬರುವುದು ಕಷ್ಟ.

ಕೊಳ್ಳುವ ಸಮಯವೂ ಮುಖ್ಯ. ಮೇ ತಿಂಗಳ ಶಿನ್ಚಾ, ಅಂದರೆ ಹೊಸ ಚಹಾ, ಹಬ್ಬದ ಹಾಗೆ. ಬೆಲೆಯೂ ಹಬ್ಬದ್ದೇ. ನಾನು ಒಂದು ಪೊಟ್ಟಣ ಆಸೆಗೆ ಕೊಂಡು, ಉಳಿದದ್ದಕ್ಕೆ ಸಂಭ್ರಮ ಇಳಿಯುವ ತನಕ ಕಾಯುತ್ತೇನೆ. ಇತ್ತೀಚೆಗೆ ಇನ್ನೊಂದು ತಾಪತ್ರಯ. ಜಗತ್ತಿಗೆಲ್ಲ ಮಾಚಾ ಹುಚ್ಚು ಹಿಡಿದು, ಬೆಳೆಗಾರರು ಸೆನ್ಚಾ ಬಿಟ್ಟು ಮಾಚಾಕ್ಕೆ ಬೇಕಾದ ತೆನ್ಚಾ ಕಡೆ ತಿರುಗುತ್ತಿದ್ದಾರೆ. 2025ರಲ್ಲಿ ತಡವಾಗಿ ಕುಯ್ಯುವ ಒರಟು ಎಲೆಯ ಅಗ್ಗದ ಬಾಂಚಾಕ್ಕೂ ಬೆಲೆ ಏರಿತು. ಅದಕ್ಕೇ ನಾನು ಹೇಳುವ ಯೆನ್ ಲೆಕ್ಕಗಳನ್ನು ಸ್ವಲ್ಪ ಹಿಂದೆಮುಂದೆ ಮಾಡಿಕೊಳ್ಳಿ.

ಚಹಾ ಮಾಡುವ ಕ್ರಮಕ್ಕೆ ಅರ್ಧ ಬೆಲೆ ಅಂತ ನನ್ನ ಲೆಕ್ಕ. 600 ಯೆನ್ನಿನ ಎಲೆಯನ್ನು ಸರಿಯಾಗಿ ಮಾಡಿದರೆ, ಕುದಿ ನೀರು ಸುರಿದು ಕೆಡಿಸಿದ 1500 ಯೆನ್ನಿನ ಎಲೆಗಿಂತ ಚೆನ್ನಾಗಿರುತ್ತದೆ. ಥರ್ಮಾಮೀಟರ್ ಬೇಡ. ಕುದಿದ ನೀರನ್ನು ಮೊದಲು ಬಟ್ಟಲಿಗೆ ಹಾಕಿ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋದಾಗ ಸುಮಾರು 10 ಡಿಗ್ರಿ ಇಳಿಯುತ್ತದೆ. ಬಟ್ಟಲು ಕೈಯಲ್ಲಿ ಹಿಡಿಯುವಷ್ಟು ಆರಿದರೆ 70, 80ರ ಆಸುಪಾಸು ಅಂತ ತಿಳಿದು ಎಲೆಗೆ ಸುರಿಯಿರಿ. ಫುಕಾಮುಶಿಗೆ 30, 40 ಸೆಕೆಂಡ್, ಸಾಮಾನ್ಯ ಸೆನ್ಚಾಕ್ಕೆ ಒಂದು ನಿಮಿಷ. ಕ್ಯೂಸು ಅಲ್ಲಾಡಿಸಬೇಡಿ. ಕೊನೆಯ ಹನಿವರೆಗೂ ಬಗ್ಗಿಸಿ. ನೀರು ಉಳಿದರೆ ಎಲೆ ನೆನೆಯುತ್ತಲೇ ಇದ್ದು ಎರಡನೇ ಸಲ ಕಹಿಯಾಗುತ್ತದೆ. ಎರಡನೇ ನೀರು ಇನ್ನೂ ಬಿಸಿಯಿರಲಿ, ಆದರೆ ಹಾಕಿದ ಕೂಡಲೇ ಬಗ್ಗಿಸಿಬಿಡಿ.

ಬೇಸಿಗೆಯಲ್ಲಿ ಇಷ್ಟೂ ರಗಳೆ ಇಲ್ಲ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಎಲೆ ಹಾಕಿ ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆಗೆ ರೆಡಿ. ತಣ್ಣೀರಿನಲ್ಲಿ ಒಗರೂ ಕೆಫೀನೂ ಕಡಿಮೆ ಇಳಿಯುತ್ತವೆ, ಸಿಹಿ ಮುಂದೆ ಬರುತ್ತದೆ. ಎರಡನೇ ಕುಯಿಲಿನ ಎಲೆ ಯಾರಾದರೂ ಕೊಟ್ಟರೆ ನಾನು ಮುಗಿಸುವುದು ಹೀಗೇ.

100 ಗ್ರಾಂಗಿಂತ ದೊಡ್ಡ ಪೊಟ್ಟಣ ಅಗ್ಗಕ್ಕೆ ಸಿಕ್ಕರೂ ಒಟ್ಟಿಗೆ ಒಡೆಯಬೇಡಿ. ಒಡೆದ ಮೇಲೆ ಒಂದು ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು. ಗಾಳಿ, ಬೆಳಕು, ತೇವ ಮೂರೂ ಇದಕ್ಕೆ ಆಗಿಬರುವುದಿಲ್ಲ. ಒಡೆಯದ ಪೊಟ್ಟಣವನ್ನು ಫ್ರಿಜ್‌ನಲ್ಲಿಡಬಹುದು, ಆದರೆ ಹೊರಗೆ ತೆಗೆದು ತಣುಪು ಪೂರ್ತಿ ಬಿಟ್ಟ ಮೇಲೇ ಕತ್ತರಿ ಹಾಕಬೇಕು. ಇಲ್ಲದಿದ್ದರೆ ಎಲೆಯ ಮೇಲೆ ನೀರಿನ ಪಸೆ ಕೂರುತ್ತದೆ. ಅಷ್ಟಾಗಿಯೂ ತಳದಲ್ಲಿ ಉಳಿದು ವಾಸನೆ ಹೋದ ಎಲೆಯನ್ನು ಎಸೆಯುವುದಿಲ್ಲ. ಎಣ್ಣೆ ಸೋಕದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಅಲ್ಲಾಡಿಸುತ್ತಾ, ಕಂದು ಬಣ್ಣಕ್ಕೆ ತಿರುಗುವ ತನಕ ಹುರಿಯುತ್ತೇನೆ. ಹೋಜಿಚಾ ಆಯಿತು. ಇದಕ್ಕೆ ಕುದಿ ನೀರೇ ಸರಿ, ಹದದ ಚಿಂತೆಯಿಲ್ಲ. ಕಡ್ಡಿ ಉಳಿದಿದ್ದರೆ ಇನ್ನೂ ಚೆನ್ನ. ಕಾನಾಜಾವಾದವರು ಕಡ್ಡಿಯನ್ನೇ ಹುರಿದು ಕುಡಿಯುತ್ತಾರೆ, ನನಗೂ ರಾತ್ರಿ ಊಟದ ಮೇಲೆ ಅದೇ ಇಷ್ಟ.